ಚಿಕ್ಕಪ್ಪನ ಪಟ

ನಮ್ಮ ಮನೆಯಲ್ಲಿ ಗೋಡೆ ಏರುವ ಹಕ್ಕು ಇದ್ದದ್ದು ದೇವರಿಗೆ ಮತ್ತು ಸತ್ತವರಿಗೆ ಮಾತ್ರ. ಪಡಸಾಲೆಯಲ್ಲಿ ತಾತನ ಫೋಟೊ, ಅದರ ಪಕ್ಕ ತಾತನ ತಮ್ಮನದು, ಇಬ್ಬರ ಹಣೆಗೂ ಗಾಜಿನ ಮೇಲೆ ಒಂದೊಂದು ಕುಂಕುಮದ ಬೊಟ್ಟು. ಬದುಕಿರುವವರ ಪಟ ಗೋಡೆಗೆ ಹಾಕಿದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅಜ್ಜಿ ನಂಬಿದ್ದಳು, ಅಜ್ಜಿ ನಂಬಿದ್ದನ್ನು ಮನೆಯೆಲ್ಲ ನಂಬುತ್ತಿತ್ತು. ಹಾಗಾಗಿ ನಾನು ಬರೆದ ಮುಖಗಳೆಲ್ಲ ಹೊಗೆಸೊಪ್ಪು ವಿಂಗಡಿಸುವ ಕೋಣೆಯಲ್ಲಿದ್ದವು, ಒಂದು ಹಳೆಯ ಟ್ರಂಕಿನ ಮುಚ್ಚಳದ ಒಳಮೈಗೆ ಅಂಟಿಕೊಂಡು. ಮುಚ್ಚಳ ಎತ್ತಿದರೆ ಮನೆಮಂದಿಯೆಲ್ಲ ಎದ್ದು ನಿಂತು ನನ್ನನ್ನೇ ನೋಡುತ್ತಿದ್ದರು. ಮುಚ್ಚಿದರೆ ಎಲ್ಲರೂ ಕತ್ತಲಲ್ಲಿ ಬೋರಲು. ಇಡೀ ಮನೆಯಲ್ಲಿ ನನ್ನ ಮಾತು ಕೇಳುತ್ತಿದ್ದ ಜಾಗ ಅದೊಂದೇ.

ಮುಖ ಬರೆಯುವುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಬೆಟ್ಟದಪುರದ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಒಬ್ಬರಿದ್ದರು. ಕಿವಿಯ ಮೇಲ್ತುದಿ ಹುಬ್ಬಿನ ಮಟ್ಟಕ್ಕಿರಬೇಕು, ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗವಿರಬೇಕು ಎಂದು ಅಳತೆ ಹೇಳುತ್ತಿದ್ದರು. ಅಳತೆ ಹಾಕಿ ಬರೆದರೆ ಅದು ಮನುಷ್ಯನಾಗುತ್ತಿತ್ತೇ ಹೊರತು ನಮ್ಮಪ್ಪನಾಗುತ್ತಿರಲಿಲ್ಲ. ಕೊನೆಗೆ ನಾನೇ ಒಂದು ದಾರಿ ಕಂಡುಕೊಂಡೆ. ನಮ್ಮನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಜನ ತಮ್ಮ ನಿಜವಾದ ಮುಖ ಹಾಕಿಕೊಳ್ಳುತ್ತಾರೆ. ಅಜ್ಜಿ ಕೆನ್ನೆಯೊಳಗೆ ಕಡ್ಡಿಪುಡಿ ಒತ್ತಿಕೊಂಡು, ಸೊಸೆಯರು ಏನು ಮಾತಾಡುತ್ತಿದ್ದಾರೆ ಎಂದು ಅಡುಗೆಮನೆ ಕಡೆಗೆ ಕಿವಿ ವಾಲಿಸಿದಾಗ ಅಜ್ಜಿಯಾಗುತ್ತಿದ್ದಳು. ದೊಡ್ಡಪ್ಪ ಊಟಕ್ಕೆ ಕೂತಾಗ ದೊಡ್ಡಪ್ಪನಾಗುತ್ತಿದ್ದ. ಬೆರಳು ತನ್ನ ಪಾಡಿಗೆ ಮುದ್ದೆ ಮುರಿಯುತ್ತಿದ್ದರೆ ಕಣ್ಣು ಮಾತ್ರ ಸಾಲಿನಲ್ಲಿ ಒಬ್ಬೊಬ್ಬರ ತಟ್ಟೆಯ ಮೇಲೂ ನಿಂತು ಮುಂದೆ ಹೋಗುತ್ತಿತ್ತು. ಅಪ್ಪನಿಗಂತೂ ಅವನ ಅಣ್ಣ ಇದ್ದಾಗ ಒಂದು ಮುಖ, ಇಲ್ಲದಾಗ ಒಂದು ಮುಖ. ನಾನು ಬರೆದದ್ದು ಅಣ್ಣ ಇದ್ದಾಗಿನದನ್ನು. ಪಟದಲ್ಲಿ ದೊಡ್ಡಪ್ಪ ಇಲ್ಲದಿದ್ದರೂ, ಅಪ್ಪನ ಕಣ್ಣು ನೋಡಿದರೆ ಅವನು ಯಾವ ಕಡೆ ಕೂತಿದ್ದಾನೆ ಎಂದು ಹೇಳಬಹುದಿತ್ತು. ಅವ್ವ ಅದನ್ನು ನೋಡಿ ಮೊದಲು ಜೋರಾಗಿ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ಇದ್ನ ಅವರಿಗೆ ತೋರಿಸ್ಬೇಡ ಕಣವ್ವ. ನೊಂದ್ಕತಾರೆ."

ಇಷ್ಟು ಜನರಲ್ಲಿ ಬರೆಯದೆ ಉಳಿದಿದ್ದವನು ಚಿಕ್ಕಪ್ಪ, ಅಪ್ಪನ ತಮ್ಮ. ಅವನು ಮನೆಬಿಟ್ಟು ಹೋಗಿ ಮೂರು ವರ್ಷವಾಗಿತ್ತು. ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಒಂದು ಬೆಳಗಿನ ಜಾವ ಹತ್ತಿ ಉರಿದುಹೋಯಿತು. ಮಣ್ಣಿನ ಗೋಡೆಯ ಎತ್ತರದ ಮನೆ ಅದು, ಒಳಗೆ ಕಡ್ಡಿಗಳಿಗೆ ಕಟ್ಟಿ ನೇತುಹಾಕಿದ ಸೊಪ್ಪು, ಹೊರಗೆ ಒಲೆಯ ಬಾಯಿ. ಆ ದಿನ ಬೆಂಕಿ ನೋಡಿಕೊಳ್ಳುವ ಸರದಿ ಚಿಕ್ಕಪ್ಪನದು. ಅವನಿಗೆ ನಿದ್ದೆ ಹತ್ತಿತ್ತು. ದೊಡ್ಡಪ್ಪ ಸೊಪ್ಪು ಕಟ್ಟುವ ಕಡ್ಡಿಯನ್ನೇ ಹಿಡಿದು ಅವನನ್ನು ಅಂಗಳದಲ್ಲಿ ಹೊಡೆದ. ಮದುವೆಯಾಗಿ ವರ್ಷ ತುಂಬದ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಿಡಿಸಲು ಅಪ್ಪ ಎರಡು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತ. ಚಿಕ್ಕಪ್ಪ ತೊಟ್ಟಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು, ಎಂದಿನಂತೆ ಕಿವಿಯ ಹಿಂದೆ ಒಂದು ಬೀಡಿ ಸಿಕ್ಕಿಸಿಕೊಂಡು, ತಮ್ಮ ಕೋಣೆಯಲ್ಲಿದ್ದ ಮದುವೆಯ ಫೋಟೊ ಒಂದನ್ನು ಚೀಲಕ್ಕೆ ಹಾಕಿಕೊಂಡು, ಕೊಡಗಿಗೆ ಕಾಪಿ ತೋಟದ ಕೆಲಸಕ್ಕೆ ಹೋಗುತ್ತೇನೆಂದು ಹೊರಟುಹೋದ. ಕುಟ್ಟದ ಹತ್ತಿರ ಅವನನ್ನು ಕಂಡೆ ಎಂದು ಆ ವರ್ಷ ಯಾರೋ ಹೇಳಿದರು. ಮಾರನೆಯ ವರ್ಷ, ವಯನಾಡಿನ ಶುಂಠಿ ಹೊಲಕ್ಕೆ ಹೋದನಂತೆ ಎಂದರು. ಆಮೇಲೆ ಯಾರೂ ಏನೂ ಹೇಳಲಿಲ್ಲ. ಮನೆಯಲ್ಲಿದ್ದ ಅವನ ಫೋಟೊ ಅದೊಂದೇ, ಅದೂ ಅವನ ಜೊತೆಗೇ ಹೋಗಿತ್ತು.

ಚಿಕ್ಕವ್ವ ಮಿರ್ಲೆಯವಳು, ನಾಲೆ ನೀರಿನ ಗದ್ದೆ ಊರಿನವಳು. ಸೊಪ್ಪು ಮುರಿದರೆ ಕೈಗೆ ಮೆತ್ತುವ ಕಪ್ಪು ಅಂಟನ್ನು ಕಂಡು ಮೊದಲ ವರ್ಷ ಅಳುತ್ತಿದ್ದಳಂತೆ, ದೊಡ್ಡವ್ವ ಅದನ್ನು ಹೇಳಿ ಹೇಳಿ ನಗುತ್ತಿದ್ದಳು. ಗಂಡ ಹೋದ ಮೇಲೆ ತವರಿನವರು ಬಂದು ಕರೆದರು, ಅವಳು ಹೋಗಲಿಲ್ಲ. ಅವರು ವಾಪಸ್ಸು ಬಂದಾಗ ನಾನು ಇಲ್ಲಿರದಿದ್ದರೆ ಯಾರನ್ನು ಕೇಳುತ್ತಾರೆ ಎಂದಳಂತೆ. ನಮ್ಮ ಕಡೆ ತಮ್ಮನ ಹೆಂಡತಿ ಗಂಡನ ಅಣ್ಣಂದಿರ ಎದುರು ನಿಲ್ಲುವಂತಿಲ್ಲ, ನೇರ ಮಾತಾಡುವಂತೆಯೂ ಇಲ್ಲ. ಆ ಮನೆಯಲ್ಲಿ ಅವಳು ಬಾಗಿಲುಗಳ ಹಿಂದೆಯೇ ನಾಲ್ಕು ವರ್ಷ ಕಳೆದಳು. ನನ್ನ ಟ್ರಂಕಿನ ಮುಚ್ಚಳವನ್ನು ಕೇಳಿಕೊಂಡು ಬಂದು ನೋಡಿದವಳು ಅವಳೊಬ್ಬಳೇ. ಒಂದೊಂದೇ ಮುಖ ನೋಡಿ ಮುಗಿಸಿ, ಖಾಲಿ ಉಳಿದ ಮೂಲೆಯ ಮೇಲೆ ಬೆರಳಿಟ್ಟಳು.

"ಇಲ್ಲಿಗೆ ನಿಮ್ ಚಿಕ್ಕಪ್ಪನ್ನ ಬರಿ ಕೂಸೇ. ನಂಗೆ ಅವರ ಮುಖ ಮರ್ತೋಯ್ತಾ ಅದೆ. ಒಂದಪ ಪೂರಾ ಬತ್ತದೆ, ಒಂದಪ ಬರೀ ಕಿವಿ ಬೀಡಿ ಅಷ್ಟೇ ಬತ್ತದೆ."

ಎಲ್ಲರೂ ಹೊಲಕ್ಕೆ ಹೋದ ಮೇಲೆ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಆ ಕೋಣೆಯಲ್ಲಿ ಕೂರುತ್ತಿದ್ದೆವು. ನನಗೆ ಆಗ ಹದಿಮೂರು ವರ್ಷ. ನಾನು ನೆನಪಿನಿಂದ ಗೆರೆ ಎಳೆಯುತ್ತಿದ್ದೆ, ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಿದ್ದುತ್ತಿದ್ದಳು. ಗಂಡನ ಹೆಸರು ಹೇಳುತ್ತಿರಲಿಲ್ಲ. ಆದರೆ ಆ ಮುಖದ ಬಗ್ಗೆ ಅವಳಿಗೆ ಗೊತ್ತಿದ್ದಷ್ಟು ಹೆತ್ತ ತಾಯಿಗೂ ಗೊತ್ತಿರಲಿಲ್ಲ.

"ಕಣ್ಣು ಅಂಗಲ್ಲ. ಅವರು ನಗಬೇಕಾದ್ರೆ ಮೊದ್ಲು ಒಂದು ಕಣ್ಣು ನಗ್ತದೆ, ಆಮೇಲೆ ಇನ್ನೊಂದು."

"ಯಾವ ಕಣ್ಣು ಮೊದ್ಲು ಚಿಕ್ಕವ್ವ?"

"ಎಡದ್ದು. ಬಾಯಿ ಇಷ್ಟು ಮುಚ್ಬೇಡ. ಅವರು ಸುಳ್ಳು ಹೇಳೋಕ್ ಮುಂಚೆ ತುಟಿ ಒಂಚೂರು ಬುಡ್ತಾರೆ, ಹೇಳ್ಲಾ ಬೇಡ್ವಾ ಅನ್ನಂಗೆ. ಅಂಗೆ ಬರಿ."

ನಾಲ್ಕು ಹಾಳೆ ಕೆಟ್ಟವು. ಐದನೆಯದರಲ್ಲಿ, ಎಡಗಣ್ಣಿನ ಕೆಳಗೆ ಕುಂಚದ ತುದಿಯಲ್ಲಿ ಒಂದು ಕೂದಲೆಳೆಯಷ್ಟು ನೆರಳು ಇಟ್ಟ ಕೂಡಲೇ ಚಿಕ್ಕವ್ವ ಥಟ್ಟನೆ ಎದ್ದು ಸೆರಗು ಸರಿಮಾಡಿಕೊಂಡಳು. ಯಾರೋ ಒಳಗೆ ಬಂದರೇನೋ ಎಂದು ನಾನು ಬಾಗಿಲ ಕಡೆ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳು ಹಾಳೆಯನ್ನೇ ನೋಡುತ್ತಿದ್ದಳು. ಅಂಥ ಸಂತೋಷ ನನ್ನ ಜೀವನದಲ್ಲಿ ಮತ್ತೆ ಎಷ್ಟು ಸಲ ಆಗಿದೆಯೋ, ಕೈಬೆರಳಲ್ಲಿ ಎಣಿಸಬಹುದು. ಯಾರಿಗೂ ತೋರಿಸಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡು ಚಿಕ್ಕವ್ವ ಅದನ್ನು ತನ್ನ ಸೀರೆಗಳ ಕೆಳಗೆ ಇಟ್ಟುಕೊಂಡಳು.

ಮಾತು ಉಳಿಸಿಕೊಳ್ಳಲು ನನಗೆ ಆಗಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ, ಅದು ಬರೀ ಜಂಬ. ಅಷ್ಟು ಚೆನ್ನಾಗಿ ಬಂದ ಪಟವನ್ನು ಚಿಕ್ಕವ್ವ ಒಬ್ಬಳೇ ನೋಡುವುದನ್ನು ನನಗೆ ಸಹಿಸಲಾಗಲಿಲ್ಲ. ಚಿಕ್ಕವ್ವ ಹೊಳೆಗೆ ಬಟ್ಟೆ ಒಗೆಯಲು ಹೋದ ಒಂದು ಬೆಳಿಗ್ಗೆ ಅದನ್ನು ತೆಗೆದುಕೊಂಡು ಹೋಗಿ ಅಜ್ಜಿಯ ಮುಂದೆ ಹಿಡಿದೆ. ಅಜ್ಜಿ ಕಡ್ಡಿಪುಡಿ ಉಗಿದು, ಕಣ್ಣು ಕಿರಿದು ಮಾಡಿ ನೋಡಿ, "ಅಯ್ಯೋ ನನ್ ಮಗನೇ" ಎಂದು ಕೂಗಿ ಅತ್ತ ಸದ್ದಿಗೆ ಮನೆಯವರೆಲ್ಲ ಬಂದರು. ದೊಡ್ಡಪ್ಪ ಪಟ ಕೈಗೆ ತೆಗೆದುಕೊಂಡ. ನೋಡುತ್ತ ನೋಡುತ್ತ ಹಾಗೇ ಜಗುಲಿಯ ಮೇಲೆ ಕೂತುಬಿಟ್ಟ.

"ಏನ್ ಕೈ ಕಣವ್ವ ನಿಂದು," ಎಂದ. "ಇವ್ನು ಎದ್ದು ಬಂದು ನನ್ ಮುಂದೆ ನಿಂತವ್ನೆ."

ದೊಡ್ಡಪ್ಪ ಅದುವರೆಗೆ ನನ್ನನ್ನು ಯಾವುದಕ್ಕೂ ಹೊಗಳಿರಲಿಲ್ಲ. ಹೊಳೆಯಿಂದ ಬಂದ ಚಿಕ್ಕವ್ವ ಹಿತ್ತಿಲ ಬಾಗಿಲಲ್ಲಿ ಒದ್ದೆ ಬಟ್ಟೆಯ ಕುಕ್ಕೆ ಸೊಂಟದಲ್ಲಿಟ್ಟುಕೊಂಡು ನಿಂತದ್ದನ್ನು ನಾನು ಕಂಡೆ. ಕಂಡೂ ಹೊಗಳಿಕೆ ಕೇಳುತ್ತಾ ನಿಂತೆ. ಆ ಪಟವನ್ನು ಯಾರೂ ಅವಳಿಗೆ ವಾಪಸ್ಸು ಕೊಡಲಿಲ್ಲ. ದೊಡ್ಡಪ್ಪ ಅದನ್ನು ತನ್ನ ಬೀರುವಿನಲ್ಲಿಟ್ಟ.

ಆ ಹೊತ್ತಿಗೆ ದೊಡ್ಡಪ್ಪನ ಮಗಳು ಗೌರಕ್ಕನಿಗೆ ಗಂಡು ನೋಡುತ್ತಿದ್ದರು. ಮೂರು ಕಡೆಯವರು ಬಂದರು, ಉಪ್ಪಿಟ್ಟು ಕಾಪಿ ಆಯಿತು, ಹುಡುಗಿ ಒಪ್ಪಿಗೆ ಎಂದರು. ಕೊನೆಗೆ ಎಲೆಯಡಿಕೆ ಹಾಕಿಕೊಳ್ಳುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ನಿಮ್ ಕಿರೀ ತಮ್ಮ ಎಲ್ಲವ್ರೆ?"

"ಕೊಡಗಲ್ಲಿ ಕೆಲ್ಸದ ಮೇಲವ್ನೆ."

"ಎಷ್ಟು ವರ್ಸದಿಂದ?"

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹೋದ ಮೇಲೆ ಯಾರ ಕೈಯಲ್ಲೋ ಬೇಡ ಎಂದು ಹೇಳಿಕಳಿಸುತ್ತಿದ್ದರು. ಗಂಡಸು ಮನೆ ಬಿಟ್ಟು ಹೋಗುವಂಥದ್ದು ಏನಿದೆಯೋ ಆ ಮನೆಯಲ್ಲಿ ಎಂದು ಜನ ಆಡಿಕೊಂಡದ್ದು ನಮ್ಮ ಕಿವಿಗೂ ಬಿತ್ತು. ಗೌರಕ್ಕ ಊಟ ಬಿಟ್ಟು ಕೋಣೆ ಸೇರಿದಳು. ದೊಡ್ಡಪ್ಪ ಗಾವಡಗೆರೆ ಕಡೆ ಶಾಸ್ತ್ರ ಹೇಳುವ ಒಬ್ಬ ಮುದುಕನ ಹತ್ತಿರ ಹೋಗಿಬಂದ. ನಿಮ್ಮ ಮನೆಯಲ್ಲಿ ಒಬ್ಬ ಎಡೆಯಿಲ್ಲದೆ ಅಲೆಯುತ್ತಿದ್ದಾನೆ, ಅವನು ಉಣ್ಣುವ ತನಕ ಮನೆಯಲ್ಲಿ ಶುಭ ನಡೆಯುವುದಿಲ್ಲ ಎಂದಿದ್ದನಂತೆ ಅವನು. ಮಾರ್ನಮಿ ಹಬ್ಬಕ್ಕೆ ಇನ್ನು ಹನ್ನೆರಡು ದಿನವಿತ್ತು. ಮನೆಯಲ್ಲಿ ಸತ್ತವರಿಗೆಲ್ಲ ಹೊಸಬಟ್ಟೆ, ಅವರವರಿಗೆ ಇಷ್ಟವಾದ ಅಡುಗೆ ಇಟ್ಟು ಎಡೆ ಹಾಕುವ ಹಬ್ಬ ಅದು. ಈ ಸಲ ತಾತನ ಪಕ್ಕ ಚಿಕ್ಕಪ್ಪನಿಗೂ ಎಡೆ ಎಂದು ದೊಡ್ಡಪ್ಪ ಹೇಳಿದ. ಪಟ ಹೇಗೂ ಇದೆಯಲ್ಲ ಎಂದ. ಅಜ್ಜಿ, ಹಸ್ಕೊಂಡಿದ್ರೆ ಉಣ್ಲಿ ಎಂದಳು. ಅಪ್ಪ ಅಣ್ಣನ ಮುಖ ನೋಡಿ ತಲೆ ಆಡಿಸಿದ. ಎಡೆ ಆದ ಮೇಲೆ ಅವಳ ಕೈ ಬಳೆ, ಹಣೆ ಕುಂಕುಮ ಇರುವ ಹಾಗಿಲ್ಲ ಎಂದು ದೊಡ್ಡವ್ವ ಮೆಲ್ಲಗೆ ಹೇಳಿದ್ದು, ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದ ಚಿಕ್ಕವ್ವನಿಗೆ ಕೇಳಿಸುವಷ್ಟೇ ಮೆಲ್ಲಗಿತ್ತು.

ಹಬ್ಬದ ಹಿಂದಿನ ದಿನ, ಹಿತ್ತಿಲಲ್ಲಿ ನಾನು ಬಾಳೆಎಲೆ ತೊಳೆಯುತ್ತಿದ್ದಾಗ ಚಿಕ್ಕವ್ವ ಬಂದು ನನ್ನೆದುರು ಕೂತಳು. ಅವಳ ಮುಖ ಬಾಡಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು.

"ಕೂಸೇ, ಪಟನ ರಟ್ಟಿಗೆ ಅಂಟ್ಸಿ ಪಡಸಾಲೇಲಿ ಒಣಗಾಕವ್ರೆ. ಎಲ್ರೂ ಹೊಲಕ್ಕೋಗವ್ರೆ. ನೀನು ಬಣ್ಣ ತಗಂಡು ಅದ್ನ ಕೆಡ್ಸು."

"ಕೆಡ್ಸೋದಾ?"

"ಅರೀಬೇಡ. ಮೂಗು ಬದಲಾಯ್ಸು, ಕಣ್ಣು ಬದಲಾಯ್ಸು. ಬ್ಯಾರೆ ಯಾರೋ ಆಗ್ಲಿ. ನಾಳೆ ನೋಡ್ದೋರು ಇದು ನಮ್ಮೋನಲ್ಲ ಅನ್ಬೇಕು. ಸಾಯಕ್ಕೋಗೋರು ಮದ್ವೆ ಫೋಟೊ ಚೀಲಕ್ಕಾಕ್ಕಂಡು ಹೋಯ್ತಾರಾ? ನೀನೇ ಹೇಳು."

ಎರಡು ನಿಮಿಷದ ಕೆಲಸ. ಎಡಗಣ್ಣಿನ ಕೆಳಗಿನ ಆ ನೆರಳೊಂದನ್ನು ನೀರು ಮುಟ್ಟಿಸಿ ಎತ್ತಿದ್ದರೆ ಸಾಕಿತ್ತು, ಅವನು ಯಾವ ಊರಿನ ಯಾರೋ ಆಗಿಹೋಗುತ್ತಿದ್ದ. ದೊಡ್ಡಪ್ಪ ನಾಲ್ಕು ಬೈಯುತ್ತಿದ್ದ, ಹೆಚ್ಚೆಂದರೆ ಎರಡು ಬಾರಿಸುತ್ತಿದ್ದ. ಅದೆಲ್ಲ ನನಗೆ ಆಗಲೇ ಹೊಳೆದಿತ್ತು. ಹೊಡೆತದ ಭಯಕ್ಕಲ್ಲ ನಾನು ಹಿಂದೆಗೆದದ್ದು.

"ಇನ್ನೊಂದ್ ಸಲ ಅಷ್ಟು ಚೆನ್ನಾಗಿ ಬರಕ್ಕೆ ನನ್ ಕೈಲಿ ಆಗಲ್ಲ ಚಿಕ್ಕವ್ವ," ಎಂದೆ.

ಅವಳು ನನ್ನನ್ನು ಬೈಯಲಿಲ್ಲ. ನಾನು ತೊಳೆದಿಟ್ಟ ಎಲೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ನಮ್ಮಲ್ಲಿ ಎಡೆ ಇಡುವುದು ಹೊತ್ತು ಇಳಿಯುವ ಮುಂಚೆ. ನಡುಮನೆಯಲ್ಲಿ ಕಳಶ ಇಟ್ಟು, ಅದರ ಹಿಂದೆ ಗೋಡೆಗೆ ತಾತನ ಫೋಟೊ, ತಾತನ ತಮ್ಮನ ಫೋಟೊ, ಅದರ ಪಕ್ಕ ಚಿಕ್ಕಪ್ಪನ ಪಟ ಒರಗಿಸಿದರು. ಸೊಪ್ಪು ಬೇಯಿಸುವ ಕಾಲ, ಪಿರಿಯಾಪಟ್ಟಣಕ್ಕೆ ಹೋಗಿ ಗಾಜು ಕಟ್ಟು ಹಾಕಿಸಿಕೊಂಡು ಬರಲು ಯಾರಿಗೂ ಪುರುಸೊತ್ತಿರಲಿಲ್ಲ. ಬರೀ ಹಾಳೆ ರಟ್ಟಿನ ಮೇಲೆ ಹಾಗೇ ನಿಂತಿತ್ತು. ಮುಂದೆ ಎಲೆಗಳು, ಮಾಂಸದ ಸಾರು, ಮುದ್ದೆ, ವಡೆ, ಕಜ್ಜಾಯ. ಚಿಕ್ಕಪ್ಪನ ಎಲೆಯ ಪಕ್ಕ ಹೊಸ ಪಂಚೆ, ಒಂದು ಕಟ್ಟು ಬೀಡಿ. ಬೀಡಿಯನ್ನು ದೊಡ್ಡಪ್ಪನೇ ತಂದಿದ್ದ. ಕುಂಕುಮವನ್ನು ಅವನು ಬೆರಳೊತ್ತಿ ಇಟ್ಟ, ಬೊಟ್ಟು ದೊಡ್ಡದಾಗಿ ಹಣೆಯ ತುಂಬ ಹರಡಿತು. "ತಪ್ಪಾಯ್ತು ಕಣ್ಲಾ, ಉಣ್ಲಾ," ಎಂದು ಅವನು ಬಿಕ್ಕಿದ್ದನ್ನು ನಾನು ಕೇಳಿದ್ದೇನೆ. ದೊಡ್ಡಪ್ಪನನ್ನು ಕಟುಕನೆಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ತಾನು ಹೊಡೆದು ಓಡಿಸಿದವನು ಎಲ್ಲೋ ಬದುಕಿದ್ದಾನೆ ಎನ್ನುವುದಕ್ಕಿಂತ, ಸತ್ತು ತನ್ನ ಕೈಯ ಅನ್ನ ಉಂಡ ಎನ್ನುವುದು ಅವನಿಗೆ ಹಗುರವಾಗಿತ್ತೋ ಏನೋ. ಸಾಂಬ್ರಾಣಿ ಹಾಕಿ, ಹಿರಿಯರು ಬಂದು ಉಣ್ಣಲೆಂದು ನಡುಮನೆಯ ಬಾಗಿಲು ಮುಚ್ಚಿ ಎಲ್ಲರೂ ಪಡಸಾಲೆಗೆ ಬಂದು ನಿಂತೆವು. ಆ ಹೊತ್ತಿನಲ್ಲಿ ಆ ಬಾಗಿಲು ಯಾರೂ ತೆಗೆಯುವುದಿಲ್ಲ, ಮಾತೂ ಆಡುವುದಿಲ್ಲ.

ಚಿಕ್ಕವ್ವ ಅಡುಗೆಮನೆಯಿಂದ ಬಂದಳು, ಗಂಡಸರು ನಿಂತಿದ್ದ ಕಡೆಯಿಂದಲೇ ಹಾದು ಹೋಗಿ ಬಾಗಿಲು ನೂಕಿದಳು.

"ತೆಗೀಬೇಡ ಕಣೇ! ಹಿರೀಕರು ಉಣ್ತಾವ್ರೆ!" ಅಜ್ಜಿ ಕಿರುಚಿದಳು.

"ಹಿರೀಕರು ಉಣ್ಲಿ ಅತ್ತೆ. ನಮ್ಮೋರು ಹಿರೀಕರಲ್ಲ."

ಪಟ ಎತ್ತಿಕೊಂಡು ಹೊರಗೆ ಬಂದಳು. ಪಡಸಾಲೆಯಲ್ಲಿ ಗಂಡಸರು ಊಟಕ್ಕೆ ಕೂರುವ ಸಾಲಿನಲ್ಲಿ ಮೊದಲು ದೊಡ್ಡಪ್ಪನ ಜಾಗ, ಎರಡನೆಯದು ಅಪ್ಪನದು. ಮೂರನೆಯ ಜಾಗದಲ್ಲಿ ಪಟವನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಒಳಗಿಂದ ಎಲೆ ತಂದು ಅದರ ಮುಂದೆ ಹಾಕಿ, ನೀರು ಚಿಮುಕಿಸಿ, ಎಡೆಗೆ ಇಟ್ಟದ್ದನ್ನಲ್ಲ, ಬದುಕಿರುವ ನಮಗೆಂದು ಒಲೆಯ ಮೇಲೆ ಬಿಸಿಯಾಗಿದ್ದದ್ದನ್ನು ಬಡಿಸಿದಳು. ಪಕ್ಕದ ಜಾಗಗಳಿಗೂ ಎಲೆ ಹಾಕಿ ಬಡಿಸಿದಳು. ಆಮೇಲೆ ನೆಟ್ಟಗೆ ನಿಂತು, ನಾಲ್ಕು ವರ್ಷದಲ್ಲಿ ಮೊದಲ ಸಲ ದೊಡ್ಡಪ್ಪನ ಮುಖ ನೋಡಿ ಮಾತಾಡಿದಳು.

"ಬಾವ, ಬಂದು ಕೂತ್ಕಳಿ. ನಿಮ್ ತಮ್ಮ ಕಾಯ್ತಾ ಕೂತವ್ರೆ."

ದೊಡ್ಡಪ್ಪ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನ ದನಿ ಏಳಲೇ ಇಲ್ಲ.

"ಹಣೆಗೆ ಕುಂಕುಮ ಬಿದ್ದದೆ ಕಣಮ್ಮ. ಇನ್ನು ಅವ್ನ ಪಂಕ್ತೀಲಿ ಯಾರು ಕೂತು ಉಣ್ತಾರೆ?"

ಚಿಕ್ಕವ್ವ ಅಪ್ಪನ ಕಡೆ ನೋಡಿದಳು. ಅಪ್ಪ ದೊಡ್ಡಪ್ಪನ ಕಡೆ ನೋಡಿದ. ಅವ್ವ ತಲೆ ತಗ್ಗಿಸಿದಳು, ಗೌರಕ್ಕ ಅಳುತ್ತಿದ್ದಳು. ಕೊನೆಗೆ ಚಿಕ್ಕವ್ವನ ಕಣ್ಣು ನನ್ನ ಮೇಲೆ ಬಂತು.

"ನೀನಾರ ಬಾ ಕೂಸೇ. ನಿಂಗೊತ್ತಲ್ಲ."

ನನ್ನನ್ನು ಯಾರೂ ಹಿಡಿದುಕೊಂಡಿರಲಿಲ್ಲ. ಯಾರೂ ಹೋಗಬೇಡ ಎಂದೂ ಅನ್ನಲಿಲ್ಲ. ಬೆಳಗಿನಿಂದ ಉಪವಾಸ, ಎಲೆಯಿಂದ ಹಬೆ ಏಳುತ್ತಿತ್ತು. ನಾಲ್ಕು ಹೆಜ್ಜೆ ದೂರ ಅಷ್ಟೇ. ನಾನು ಹೋಗಿ ಕೂರಲಿಲ್ಲ. ಆಗ ಏನು ಯೋಚಿಸುತ್ತಿದ್ದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ, ಹೆದರಿಕೆ ಬಿಟ್ಟು ಬೇರೇನೂ ನೆನಪಿಗೆ ಬರುವುದಿಲ್ಲ. ಚಿಕ್ಕವ್ವ ಇನ್ನು ಯಾರನ್ನೂ ಕರೆಯದೆ ಪಟದ ಪಕ್ಕದ ಎಲೆಗೆ ತಾನೇ ಕೂತಳು. ಗಂಡಸರ ಸಾಲಿನಲ್ಲಿ ಹೆಂಗಸು ಕೂತು ಉಂಡದ್ದನ್ನು ಆ ಮನೆ ಅವತ್ತೇ ಮೊದಲು ಕಂಡದ್ದು. ಅವಸರ ಮಾಡದೆ, ಒಂದು ಅಗುಳು ಬಿಡದೆ ಉಂಡಳು. ನಾವೆಲ್ಲ ನಿಂತು ನೋಡಿದೆವು. ಕೈ ತೊಳೆದು ಬಂದು ಪಟವನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗಿನ ತುದಿಯನ್ನು ಚೆಂಬಿನ ನೀರಿಗೆ ಅದ್ದಿ ಹಣೆಯ ಕುಂಕುಮ ಒರೆಸತೊಡಗಿದಳು. ಅದು ನೀರಿನಲ್ಲಿ ಕಲಸಿ ಬರೆದ ಬಣ್ಣ. ಕುಂಕುಮದ ಜೊತೆ ಹಣೆ ಹೋಯಿತು, ಹುಬ್ಬು ಹೋಯಿತು, ಕೆಂಪು ನೀರು ಎಡಗಣ್ಣಿಗೆ ಇಳಿಯಿತು.

"ಚಿಕ್ಕವ್ವ, ಹೋಯ್ತದೆ! ಪಟ ಹೋಯ್ತದೆ!" ಎಂದು ನಾನು ಕಿರುಚಿದೆ.

ಆ ಇಡೀ ದಿನ ನನ್ನ ಬಾಯಿಂದ ಹೊರಟ ಮಾತು ಅದೊಂದೇ. ಅವಳಿಗಾಗಿ ಬಾಯಿ ಬಿಡದವಳು ನನ್ನ ಬಣ್ಣಕ್ಕಾಗಿ ಬಿಟ್ಟೆ. ಇವತ್ತಿಗೂ ನೆನೆದರೆ ನಾಚಿಕೆಯಿಂದ ಮೈ ಬಿಸಿಯಾಗುತ್ತದೆ.

"ಹೋಗ್ಲಿ ಬುಡು," ಎಂದಳು ಅವಳು, ತಲೆ ಎತ್ತದೆ. "ಪಟ ತಾನೆ."

ಕೆಂಪು ಕಲೆ ಪೂರ್ತಿ ಹೋಗುವ ತನಕ ಒರೆಸಿದಳು. ಆ ಹೊತ್ತಿಗೆ ರಟ್ಟಿನ ಮೇಲೆ ಒಂದು ಕಿವಿ, ಒಂದಿಷ್ಟು ಗದ್ದ ಉಳಿದಿತ್ತು. ಅದನ್ನು ಒಲೆಗೆ ಹಾಕಿ, ಮಾರನೆಯ ಬೆಳಿಗ್ಗೆ ಒಂದು ಚೀಲ ಹಿಡಿದುಕೊಂಡು ಹುಣಸೂರಿನ ಬಸ್ಸು ಹತ್ತಿ ಮಿರ್ಲೆಗೆ ಹೊರಟುಹೋದಳು. ಕೈತುಂಬ ಬಳೆ ಇದ್ದವು. ಅವ್ವ ಬಸ್ಸಿನ ತನಕ ಹೋದಳು. ನಾನು ಸೊಪ್ಪಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ. ಚಿಕ್ಕಪ್ಪ ಇವತ್ತಿನವರೆಗೂ ಬಂದಿಲ್ಲ, ಇದ್ದಾನೋ ಇಲ್ಲವೋ ಯಾರಿಗೂ ತಿಳಿಯದು. ಈಗ ನಾನು ಮೈಸೂರಿನಲ್ಲಿ ಮುಖ ಬರೆದೇ ಬದುಕುತ್ತಿದ್ದೇನೆ. ಜನ ಅಪ್ಪನದೋ ಅಮ್ಮನದೋ ಬೆರಳಗಲದ ಫೋಟೊ ತಂದು ದೊಡ್ಡ ಪಟ ಮಾಡಿಕೊಡಿ ಎನ್ನುತ್ತಾರೆ. ಅವರು ಇದ್ದಾರಾ, ಇಲ್ಲವಾ ಎಂದು ನಾನು ಮೊದಲು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ.

ಚಿಕ್ಕವ್ವ ಹೋದ ಮಾರನೆಯ ವರ್ಷ ಮಾರ್ನಮಿಗೆ ಎರಡು ವಾರ ಇರುವಾಗ ದೊಡ್ಡಪ್ಪ ಪಿರಿಯಾಪಟ್ಟಣದಿಂದ ಬಂದು ನನ್ನನ್ನು ಜಗುಲಿಗೆ ಕರೆದ. ದಪ್ಪ ಹಾಳೆ, ಹನ್ನೆರಡು ಬಣ್ಣದ ಹೊಸ ಡಬ್ಬಿ, ಎರಡು ಕುಂಚ ತಂದಿದ್ದ. ಅಂಥ ಡಬ್ಬಿಯನ್ನು ನಾನು ಅಂಗಡಿಯ ಗಾಜಿನಾಚೆ ಮಾತ್ರ ಕಂಡಿದ್ದೆ. ಗೌರಕ್ಕನನ್ನು ನೋಡಲು ಬಂದ ನಾಲ್ಕನೆಯವರು ಒಪ್ಪಿದ್ದರು, ಅವರು ಮಾತುಕತೆಗೆ ಮತ್ತೆ ಬರುವುದರೊಳಗೆ ಗೋಡೆಯ ಮೇಲೆ ಚಿಕ್ಕಪ್ಪ ಇರಬೇಕಿತ್ತು. ಎಲ್ಲಿದ್ದಾನೆ ಎಂದು ಕೇಳಿದರೆ ಗೋಡೆ ತೋರಿಸಬಹುದಿತ್ತು.

"ಹೋದ್ವರ್ಸದಂಗೇ ಬರ್ಕೊಡು ಮಗ," ಎಂದ. "ಈ ಸಲ ಗಾಜಾಕುಸ್ತೀನಿ."

"ಮುಖ ಮರ್ತೋಗದೆ ದೊಡ್ಡಪ್ಪ," ಎಂದೆ.

"ಅಷ್ಟು ಚೆಂದಾಗಿ ಬರ್ದಿದ್ದೆ, ಎಂಗೆ ಮರ್ತೀಯ?"

"ಮರ್ತೋಗದೆ."

ಅವನು ನನ್ನ ಕಣ್ಣು ನೋಡಿದ. ನಾನೂ ನೋಡಿದೆ. ಸುಳ್ಳು ಎಂದು ಅವನಿಗೆ ತಿಳಿಯಿತು, ತಿಳಿದದ್ದು ನನಗೂ ತಿಳಿಯಿತು. ಹೊಡೆದೇಬಿಟ್ಟ ಎಂದುಕೊಂಡು ಹಲ್ಲು ಕಚ್ಚಿ ನಿಂತೆ. ಅವನು ಹೊಡೆಯಲಿಲ್ಲ. ಡಬ್ಬಿ, ಹಾಳೆ, ಕುಂಚ ಒಂದೊಂದೇ ಎತ್ತಿ ಚೀಲಕ್ಕೆ ಹಾಕಿಕೊಂಡು ಒಳಗೆ ಹೋದ. ಚಿಕ್ಕಪ್ಪನ ಮುಖದ ಒಂದು ಗೆರೆಯನ್ನೂ ನಾನು ಮರೆತಿರಲಿಲ್ಲ. ಎಡಗಣ್ಣು ಮೊದಲು ನಗುವುದನ್ನು ಈಗ ಕೇಳಿದರೂ ಕಣ್ಣು ಮುಚ್ಚಿ ಬರೆದೇನು. ಯಾರು ಕೇಳಿದರೂ ಬರೆದುಕೊಟ್ಟಿಲ್ಲ. ಚಿಕ್ಕವ್ವನಿಗಾಗಿ ನಾನು ಮಾಡಿದ್ದು ಅದೊಂದೇ, ಅದೂ ಒಂದು ವರ್ಷ ತಡವಾಗಿ.